ಹಿತ್ತಲ ಕೋಳಿ ಕೈ ಮೀರದಂಗೆ ನೋಡ್ಕೊಳ್ಳೋದು ಹೆಂಗೆ: ಲೆಕ್ಕ ಕಾವಿನಿಂದ್ಲೇ ಶುರು ಮಾಡಿ

ನಾಟಿ ಕೋಳಿ ಸಾಕೋಕೆ ಶುರು ಮಾಡಿದೋರಿಗೆ ಮೊದಲ್ನೇ ವರ್ಷ ಕೋಳಿ ಉಳಿಸ್ಕೊಳ್ಳೋದೇ ದೊಡ್ಡ ಕಷ್ಟ, ಎರಡನೇ ವರ್ಷ ಕೋಳಿ ಜಾಸ್ತಿ ಆಗೋದೇ ಕಷ್ಟ. ನಾಲ್ಕು ಹೇಂಟೆ, ಒಂದು ಹುಂಜ ಅಂತ ಶುರು ಆಗಿದ್ದು ಒಂದೂವರೆ ವರ್ಷದಲ್ಲಿ ಐವತ್ತು ಅರವತ್ತು ಆಗಿರತ್ತೆ, ಗೂಡು ಸಾಲಲ್ಲ, ಮೇವಿನ ಖರ್ಚು ನೋಡಿದ್ರೆ ಮೊಟ್ಟೆ ಮಾರಿದ ದುಡ್ಡೂ ಸಾಲಲ್ಲ, ಪಕ್ಕದ ಮನೆಯವರು ಸೊಪ್ಪಿನ ಮಡಿ ಎಲ್ಲಾ ಕೆರೆದು ಹಾಕಿದ್ವು ಅಂತ ಬಾಗಿಲಿಗೆ ಬಂದು ನಿಂತಿರ್ತಾರೆ.

ಇದು ಯಾಕೆ ಹಿಂಗಾಗತ್ತೆ ಅಂತ ಒಂದ್ಸಲ ಲೆಕ್ಕ ಹಾಕಿ ನೋಡಿ. ನಾಟಿ ಹೇಂಟೆ ಒಂದು ಸುತ್ತಿಗೆ 12-15 ಮೊಟ್ಟೆ ಇಟ್ಟು ಕಾವಿಗೆ ಬರತ್ತೆ, 21 ದಿನ ಕಾವು ಕೂರತ್ತೆ, ಆಮೇಲೆ ಎರಡು ಎರಡೂವರೆ ತಿಂಗಳು ಮರಿ ಜೊತೆ ಓಡಾಡಿ ಅವನ್ನ ಬಿಟ್ಟು ಮತ್ತೆ ಮೊಟ್ಟೆ ಶುರು ಮಾಡತ್ತೆ. ಅಂದ್ರೆ ವರ್ಷಕ್ಕೆ ಹೆಚ್ಚುಕಮ್ಮಿ ಮೂರು ಸುತ್ತು. ನಾಲ್ಕು ಹೇಂಟೆಗೆ, ಸುತ್ತಿಗೆ ಹತ್ತು ಮೊಟ್ಟೆ ಅಂತ ಕೂರಿಸಿದ್ರೂ ವರ್ಷಕ್ಕೆ 120 ಮೊಟ್ಟೆ, ಹತ್ತರಲ್ಲಿ ಎಂಟು ಮರಿ ಆದ್ರೆ 96 ಮರಿ. ನಮ್ಮ ಅಜ್ಜಿಯರ ಕಾಲದಲ್ಲೂ ಲೆಕ್ಕ ಇದೇ ಇತ್ತು, ಆದ್ರೆ ಆಗ ಅರ್ಧಕ್ಕಿಂತ ಜಾಸ್ತಿ ಮರಿನ ಗಿಡುಗ, ಮುಂಗುಸಿ, ಬೆಕ್ಕು ಎತ್ಕೊಂಡು ಹೋಗ್ತಿದ್ವು, ಮಿಕ್ಕಿದ್ದಕ್ಕೆ ಬೇಸಿಗೆಲಿ ಕೊಕ್ಕರೆ ರೋಗ (ರಾಣಿಖೇತ್) ಬಂದು ಇಡೀ ಕೇರಿ ಕೋಳಿನೇ ಖಾಲಿ ಮಾಡ್ತಿತ್ತು. ಈಗ ನಾವು ಲಸಿಕೆ ಹಾಕಿಸ್ತೀವಿ, ಗೂಡಿಗೆ ಮೆಶ್ ಹೊಡೀತೀವಿ, ಮರಿಗೆ ಸ್ಟಾರ್ಟರ್ ಫೀಡ್ ಕೊಡ್ತೀವಿ. ಒಳ್ಳೇದೇ, ಮಾಡ್ಲೇಬೇಕು. ಆದ್ರೆ ರೋಗ ರುಜಿನ ಮಾಡ್ತಿದ್ದ ಕೆಲಸ ಆವಾಗಿಂದ ನಮ್ಮ ತಲೆ ಮೇಲೆ ಬಂತು ಅಂತ ಜನ ಯೋಚನೆ ಮಾಡಲ್ಲ. ಅರವತ್ತು ಕೋಳಿ ಆದ್ಮೇಲೆ ಏನ್ಮಾಡೋದು ಅಂತ ಕೇಳೋದಕ್ಕಿಂತ, ಹೇಂಟೆ ಕಾವಿಗೆ ಬಂದ ದಿನ ಅದರ ಕೆಳಗೆ ಎಷ್ಟು ಮೊಟ್ಟೆ ಇಡ್ಬೇಕು, ಇಡ್ಲೇಬೇಕಾ ಅಂತ ಕೇಳ್ಕೊಂಡ್ರೆ ಮುಕ್ಕಾಲು ಸಮಸ್ಯೆ ಅಲ್ಲೇ ಮುಗಿಯತ್ತೆ.

ಮೊದ್ಲು ನಿಮ್ಮ ಜಾಗಕ್ಕೆ ಎಷ್ಟು ಕೋಳಿ ಅಂತ ಒಂದು ನಂಬರ್ ಫಿಕ್ಸ್ ಮಾಡ್ಕೊಳ್ಳಿ. ಅಂದಾಜಲ್ಲಿ ಬೇಡ, ಟೇಪ್ ಹಿಡಿದು ಅಳೀರಿ. ಹಗಲೆಲ್ಲಾ ಹೊರಗೆ ಮೇಯೋ ಕೋಳಿಗೆ ರಾತ್ರಿ ಗೂಡಲ್ಲಿ ತಲೆಗೆ ಒಂದೂವರೆಯಿಂದ ಎರಡು ಚದರಡಿ ಬೇಕು. 6 ಅಡಿ ಉದ್ದ 5 ಅಡಿ ಅಗಲದ ಗೂಡು ಅಂದ್ರೆ 30 ಚದರಡಿ, ಅದರಲ್ಲಿ 15 ಕೋಳಿ ಆರಾಮಾಗಿರ್ತವೆ, 20 ಅಂದ್ರೆ ತುಂಬಿದಂಗೆ. ಕೂರೋ ಗಳ ಒಂದು ಕೋಳಿಗೆ 8-9 ಇಂಚು ಬೇಕು, ಆರಡಿ ಗಳದ ಮೇಲೆ ಎಂಟು ಕೋಳಿ. ಗಳ ಜಾಸ್ತಿ ಹಾಕ್ಬಹುದು, ಆದ್ರೆ ಒಂದರ ಕೆಳಗೆ ಒಂದು ಹಾಕಿದ್ರೆ ಮೇಲಿನವು ಕೆಳಗಿನವುಗಳ ಮೇಲೆ ಹಿಕ್ಕೆ ಹಾಕ್ತವೆ, ಮೆಟ್ಟಿಲು ಥರ ಹಾಕಿದ್ರೂ ಎಲ್ಲಾ ಮೇಲಿನ ಗಳಕ್ಕೇ ಕಿತ್ತಾಡ್ತವೆ, ಅದಕ್ಕೆ ಒಂದೇ ಎತ್ತರದಲ್ಲಿ ಹಾಕೋದು ಒಳ್ಳೇದು.

ಎರಡನೇ ಅಳತೆ ಮೇವು. ದೊಡ್ಡ ಕೋಳಿಗೆ ದಿನಕ್ಕೆ 100 ಗ್ರಾಂ ಸುಮಾರು ತಿನ್ನೋಕೆ ಬೇಕು. ಹಿತ್ತಲಲ್ಲಿ ಹುಳ, ಗೆದ್ದಲು, ಸೊಪ್ಪು, ತಿಪ್ಪೆ ಚೆನ್ನಾಗಿದ್ರೆ ಅದರಲ್ಲಿ ಅರ್ಧ ಅವೇ ದುಡ್ಕೊಳ್ತವೆ, ಮಿಕ್ಕ 50 ಗ್ರಾಂ ನೀವು ನುಚ್ಚು, ಜೋಳ, ರಾಗಿ, ಹಿಂಡಿ ಏನಾದ್ರೂ ಕೊಡ್ಬೇಕು. 15 ಕೋಳಿಗೆ ದಿನಕ್ಕೆ ಮುಕ್ಕಾಲು ಕೆಜಿ, ತಿಂಗಳಿಗೆ 22-23 ಕೆಜಿ. 40 ಕೋಳಿಗೆ ದಿನಕ್ಕೆ ಎರಡು ಕೆಜಿ, ತಿಂಗಳಿಗೆ 60 ಕೆಜಿ. ನಿಮ್ಮೂರಿನ ನುಚ್ಚಿನ ರೇಟ್ ಹಾಕಿ ಗುಣಿಸಿ. ಇಲ್ಲಿ ಇನ್ನೊಂದು ವಿಷಯ ಇದೆ, 15 ಕೋಳಿಗೆ ಅರ್ಧ ಹೊಟ್ಟೆ ತುಂಬಿಸ್ತಿದ್ದ ಹಿತ್ತಲು 40 ಕೋಳಿಗೆ ಅರ್ಧ ಹೊಟ್ಟೆ ತುಂಬ್ಸಲ್ಲ, ಹುಳ ಇರೋದು ಅಷ್ಟೇ ತಾನೆ, ಹಂಗಾಗಿ ಕೋಳಿ ಎರಡರಷ್ಟು ಆದ್ರೆ ಮೇವಿನ ಖರ್ಚು ಎರಡರಷ್ಟಕ್ಕಿಂತ ಜಾಸ್ತಿನೇ ಆಗತ್ತೆ.

ಮೂರನೇದು ನೆಲ. ಇದಕ್ಕೆ ಟೇಪ್ ಬೇಡ, ಕಣ್ಣು ಸಾಕು. ಮಳೆಗಾಲ ಮುಗಿದ್ಮೇಲೂ ಹಿತ್ತಲಲ್ಲಿ ಹುಲ್ಲು ಉಳಿದಿದ್ರೆ ಕೋಳಿ ಸಂಖ್ಯೆ ಸರಿಯಾಗಿದೆ ಅಂತ ಅರ್ಥ, ನೆಲ ಪೂರ್ತಿ ಬೋಳಾಗಿ ಗಟ್ಟಿಯಾಗಿ ಹಿಕ್ಕೆ ಒಂದೇ ಕಾಣ್ತಿದ್ರೆ ಜಾಸ್ತಿಯಾಗಿದೆ. ಬೋಳು ನೆಲದಲ್ಲಿ ಜಂತುಹುಳದ ಮೊಟ್ಟೆ ಕೂತಿರತ್ತೆ, ಮರಿಗಳಿಗೆ ರಕ್ತಭೇದಿ ಬರೋದು ಕೂಡ ಇಂಥ ಒದ್ದೆ ಇಕ್ಕಟ್ಟಿನ ಜಾಗದಲ್ಲೇ.

ಈ ಮೂರರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ನಂಬರ್. ಗೂಡು 20 ಹಿಡಿಯತ್ತೆ ಆದ್ರೆ ಹಿತ್ತಲು 12ಕ್ಕೆ ಬೋಳಾಗತ್ತೆ ಅಂದ್ರೆ ನಿಮ್ಮ ನಂಬರ್ 12. ವರ್ಷಪೂರ್ತಿ ಇರೋ ದೊಡ್ಡ ಕೋಳಿಗಳು ಇದರ ಮೂರನೇ ಎರಡು ಭಾಗ ಇರ್ಲಿ, ಮಿಕ್ಕ ಜಾಗ ಬೆಳೆಯೋ ಮರಿಗಳಿಗೆ ಬಿಟ್ಕೊಳ್ಳಿ. ಇಲ್ಲಿ ತುಂಬಾ ಜನ ತಪ್ತಾರೆ, ದೊಡ್ಡ ಕೋಳಿನಲ್ಲೇ ಗೂಡು ತುಂಬ್ಸಿ ಆಮೇಲೆ ಮರಿ ಮಾಡಿಸ್ತಾರೆ.

ನಂಬರ್ ಮೀರಿದೆ ಅಂತ ಕೋಳಿಗಳೇ ಹೇಳ್ತವೆ. ಸಂಜೆ ಗೂಡಿಗೆ ಬರದೆ ಹಲಸಿನ ಮರ, ಸೀಬೆ ಮರ ಹತ್ತಿ ಕೂರೋದು, ಮೊಟ್ಟೆನ ಬೇಲಿ ಸಂದಿ, ಸೌದೆ ರಾಶಿ, ಹುಲ್ಲಿನ ಮೆದೆ ಸಂದಿಲಿ ಇಡೋಕೆ ಶುರು ಮಾಡೋದು, ಎಳೆ ಹೇಂಟೆಗಳ ಬೆನ್ನಲ್ಲಿ ಪುಕ್ಕ ಇಲ್ದಿರೋದು, ಬಾಲದ ಬುಡ ಕುಕ್ಕಿ ಗಾಯ ಮಾಡೋದು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ತಕ್ಷಣ ಬಗ್ಗಿ ಒಳಗಿನ ಗಾಳಿ ಮೂಸಿ ನೋಡಿ, ಕಣ್ಣುರಿಯೋ ಹಂಗೆ ಘಾಟು ಬಂದ್ರೆ ಅದು ಅಮೋನಿಯಾ, ಕೋಳಿಗಳು ರಾತ್ರಿಯೆಲ್ಲಾ ಅದನ್ನೇ ಎಳ್ಕೊಂಡಿವೆ ಅಂತ ಲೆಕ್ಕ. ಭತ್ತದ ಹೊಟ್ಟು ಬದಲಾಯಿಸಿದ್ರೆ ನಾಲ್ಕು ದಿನ ಕಮ್ಮಿ ಆಗತ್ತೆ, ಕೋಳಿ ಕಮ್ಮಿ ಆಗದೆ ಪೂರ್ತಿ ಹೋಗಲ್ಲ.

ಈಗ ಮುಖ್ಯ ವಿಷಯ, ಕಾವು.

ಮೊಟ್ಟೆ ದಿನಾ ಎತ್ಕೊಳ್ಳಿ, ಸಂಜೆ ತಪ್ಪದೆ. ಬುಟ್ಟಿಲಿ ಮೊಟ್ಟೆ ಗುಡ್ಡೆ ಬಿದ್ದಿದ್ರೆ ಹೇಂಟೆಗೆ ಕಾವಿನ ಆಸೆ ಬೇಗ ಬರತ್ತೆ. ಎಲ್ಲಾ ಎತ್ತಿದ್ರೆ ಜಾಗ ಬದಲಾಯಿಸತ್ತೆ ಅನ್ನೋದೂ ನಿಜ, ಅದಕ್ಕೆ ಒಂದು ಪ್ಲಾಸ್ಟಿಕ್ ಮೊಟ್ಟೆನೋ, ಪೆನ್ಸಿಲಲ್ಲಿ ಗುರುತು ಹಾಕಿದ ಒಂದು ಹಳೇ ಮೊಟ್ಟೆನೋ ಬಿಡಿ. ತಿಂಗಳಿಗೊಂದ್ಸಲ ಬೇಲಿ ಸಂದಿ, ಬಾಳೆ ಬುಡ, ಅಟ್ಟ, ದನದ ಕೊಟ್ಟಿಗೆ ಗೊಂದಿ ಎಲ್ಲಾ ಹುಡುಕ್ಬೇಕು. ಯಾವುದಾದ್ರೂ ಹೇಂಟೆ ಎರಡು ಮೂರು ದಿನ ಸರಿಯಾಗಿ ಕಾಣ್ತಿಲ್ಲ, ಮೇವಿಗೆ ಮಾತ್ರ ಓಡಿಬಂದು ಗಬಗಬ ತಿಂದು ಮಾಯ ಆಗತ್ತೆ ಅಂದ್ರೆ ಎಲ್ಲೋ ಕಳ್ಳ ಕಾವು ಕೂತಿದೆ ಅಂತಾನೇ. ಹಿಂದೆ ಹೋಗಿ ನೋಡಿ. ಇಲ್ಲಾಂದ್ರೆ ಒಂದು ಬೆಳಿಗ್ಗೆ ಹನ್ನೆರಡು ಮರಿ ಕರ್ಕೊಂಡು ಅಂಗಳಕ್ಕೆ ಬರತ್ತೆ, ಬಂದ್ಮೇಲೆ ಯಾರಿಗೂ ಬೇಡ ಅನ್ನೋಕೆ ಮನಸ್ಸು ಬರಲ್ಲ.

ಕಾವಿಗೆ ಬಂದ ಹೇಂಟೆನ ಗುರುತಿಸೋದು ಸುಲಭ, ಬುಟ್ಟಿ ಬಿಟ್ಟು ಏಳಲ್ಲ, ಹತ್ರ ಹೋದ್ರೆ ಪುಕ್ಕ ಅರಳಿಸಿ ಕೊರ್ರ್ ಅನ್ನತ್ತೆ, ಹೊಟ್ಟೆ ಕೆಳಗಿನ ಪುಕ್ಕ ಉದುರಿರತ್ತೆ, ಮುಟ್ಟಿದ್ರೆ ಮೈ ಬಿಸಿ. ಈಗ ನೀವು ತೀರ್ಮಾನ ಮಾಡ್ಬೇಕು, ಕೂರಿಸೋದಾ ಕಾವು ಬಿಡಿಸೋದಾ. ನಿಮ್ಮ ನಂಬರ್ ತುಂಬಿದ್ರೆ ಬಿಡಿಸಿ, ಅದರಲ್ಲಿ ಪಾಪ ಏನಿಲ್ಲ, ಖಾಲಿ ಬುಟ್ಟಿಲಿ ತಿಂಗಳುಗಟ್ಲೆ ಕೂತು ಸೊರಗಿ ಹೇನು ತುಂಬ್ಕೊಳ್ಳೋದಕ್ಕಿಂತ ಬಿಡಿಸೋದೇ ಅದಕ್ಕೆ ಒಳ್ಳೇದು.

ಬಿಡಿಸೋ ರೀತಿ ಬಗ್ಗೆ ಮಾತ್ರ ದಯವಿಟ್ಟು ಕೇಳಿ. ನಮ್ಮ ಕಡೆ ತಣ್ಣೀರಲ್ಲಿ ಮುಳುಗಿಸೋದು, ಮೂಗಿನ ತೂತಿಗೆ ಪುಕ್ಕ ಚುಚ್ಚೋದು, ಕಾಲು ಕಟ್ಟಿ ಬಿಸಿಲಲ್ಲಿ ಹಾಕೋದು ಎಲ್ಲಾ ಮಾಡ್ತಾರೆ. ಯಾವುದೂ ಬೇಡ. ಹೊಟ್ಟೆ ಕೆಳಗೆ ಬಿಸಿ ನಿಲ್ಲಬಾರದು, ಅಷ್ಟೇ ಬೇಕಾಗಿರೋದು. ತಳಕ್ಕೆ ತಂತಿ ಮೆಶ್ ಇರೋ ಪಂಜರನ ಎರಡು ಇಟ್ಟಿಗೆ ಮೇಲೆ ಎತ್ತಿಟ್ಟು, ಒಳಗೆ ಹುಲ್ಲು, ಚೀಲ ಏನೂ ಹಾಕದೆ, ನೀರು ಮೇವು ಇಟ್ಟು, ನೆರಳಲ್ಲಿ, ಬೇರೆ ಕೋಳಿಗಳು ಕಾಣೋ ಜಾಗದಲ್ಲಿ ಬಿಡಿ. ಕೆಳಗಿಂದ ಗಾಳಿ ಆಡತ್ತೆ, ಮೈ ತಣ್ಣಗಾಗತ್ತೆ, ಮೂರು ನಾಲ್ಕು ದಿನಕ್ಕೆ ಕಾವು ಇಳಿಯತ್ತೆ. ಮೊದಲ ದಿನವೇ ಹಿಡಿದು ಹಾಕಿದ್ರೆ ಬೇಗ, ವಾರ ಕೂತ್ಮೇಲೆ ಹಾಕಿದ್ರೆ ತಡ. ಸಂಜೆ ಬಿಟ್ಟು ನೋಡಿ, ಸೀದಾ ಬುಟ್ಟಿಗೆ ಹೋದ್ರೆ ಇನ್ನೆರಡು ದಿನ, ಗಳ ಹತ್ತಿ ಕೂತ್ರೆ ಮುಗೀತು. ಎರಡು ಮೂರು ವಾರದಲ್ಲಿ ಮತ್ತೆ ಮೊಟ್ಟೆ ಶುರು ಮಾಡತ್ತೆ. ಕಾವು ಬಿಡಿಸಿದಷ್ಟೂ ವರ್ಷದ ಮೊಟ್ಟೆ ಜಾಸ್ತಿ ಸಿಗತ್ತೆ, ನಾಟಿ ಮೊಟ್ಟೆಗೆ ಊರಲ್ಲೂ ಪೇಟೆಲೂ ಗಿರಾಕಿ ಇದ್ದೇ ಇರ್ತಾರೆ.

ಕೂರಿಸ್ತೀರಿ ಅಂದ್ರೆ ವರ್ಷಕ್ಕೆ ಎರಡೇ ಸಲ, ಎಲ್ಲಾ ಒಟ್ಟಿಗೆ ಕೂರಿಸಿ. ಹೇಂಟೆ ಯಾವಾಗ ಬಂದ್ರೆ ಆವಾಗ ಕೂರಿಸ್ತಾ ಹೋದ್ರೆ ಹಿತ್ತಲಲ್ಲಿ ಒಂದು ವಾರದ ಮರಿ, ಒಂದು ತಿಂಗಳ ಮರಿ, ಮೂರು ತಿಂಗಳ ಮರಿ ಎಲ್ಲಾ ಕಲಸುಮೇಲೋಗರ ಆಗಿ ಎಷ್ಟಿವೆ ಅನ್ನೋ ಲೆಕ್ಕನೇ ಸಿಗಲ್ಲ, ದೊಡ್ಡವು ಚಿಕ್ಕವನ್ನ ಕುಕ್ತವೆ, ದೊಡ್ಡವುಗಳ ಹಿಕ್ಕೆಯಿಂದ ಚಿಕ್ಕವಕ್ಕೆ ರೋಗ ಅಂಟತ್ತೆ. ಇನ್ನೊಂದು ದೊಡ್ಡ ಕಾರಣ ಲಸಿಕೆ. ಕೊಕ್ಕರೆ ರೋಗದ ಲಸಿಕೆ ಬಾಟಲಿ ಚಿಕ್ಕದು ಅಂದ್ರೂ 100 ಡೋಸ್ ಇರತ್ತೆ, ಕಲಸಿದ್ಮೇಲೆ ಎರಡು ಗಂಟೆ ಒಳಗೆ ಮುಗಿಸ್ಬೇಕು, ಉಳಿಸಿ ನಾಳೆಗೆ ಇಡೋಕೆ ಆಗಲ್ಲ. ಎಂಟು ಮರಿಗೆ ಒಂದು ಬಾಟಲಿ ಒಡಿಯೋಕೆ ಯಾರಿಗೂ ಮನಸ್ಸು ಬರಲ್ಲ, ಹಂಗಾಗಿ ಲಸಿಕೆನೇ ತಪ್ಪೋಗತ್ತೆ. ಮೂರು ಹೇಂಟೆ ಒಂದೇ ದಿನ ಕೂರಿಸಿ, ಅಕ್ಕಪಕ್ಕದ ಎರಡು ಮನೆಯವ್ರಿಗೂ ಅದೇ ವಾರ ಕೂರಿಸೋಕೆ ಹೇಳಿದ್ರೆ ಒಂದು ಬಾಟಲಿ ಎಲ್ಲರಿಗೂ ಆಗತ್ತೆ. ಐದರಿಂದ ಏಳನೇ ದಿನಕ್ಕೆ ಕಣ್ಣಿಗೆ ಒಂದು ಹನಿ, ನಾಲ್ಕನೇ ವಾರ ಲಸೋಟ (ಕೊಕ್ಕರೆ ರೋಗದ್ದೇ ಹನಿ ಲಸಿಕೆ) ಇನ್ನೊಂದ್ಸಲ, ಎರಡು ತಿಂಗಳು ದಾಟಿದ್ಮೇಲೆ ಆರ್‌ಟುಬಿ ಅನ್ನೋ ಅದೇ ರೋಗದ ಇಂಜೆಕ್ಷನ್, ಮಧ್ಯದಲ್ಲಿ ಸಿಡುಬಿನದ್ದು. ಹತ್ತಿರದ ಪಶು ಆಸ್ಪತ್ರೆಲಿ ಕೇಳಿ ದಿನ ಗೊತ್ತು ಮಾಡ್ಕೊಳ್ಳಿ, ಐಸ್ ಹಾಕಿದ ಫ್ಲಾಸ್ಕಲ್ಲೇ ತನ್ನಿ.

ಎಲ್ಲಾ ಹೇಂಟೆನೂ ಒಂದೇ ದಿನ ಕಾವಿಗೆ ಬರಲ್ಲವಲ್ಲ ಅಂತೀರಿ. ಮೊದಲು ಬಂದಿದ್ದನ್ನ ಪ್ಲಾಸ್ಟಿಕ್ ಮೊಟ್ಟೆ ಮೇಲೆ ಕೂರಿಸಿಡಿ, ಒಂದು ವಾರ ಹತ್ತು ದಿನ ಕಾಯತ್ತೆ, ಅಷ್ಟರಲ್ಲಿ ಇನ್ನೊಂದೆರಡು ಬಂದೇ ಬರ್ತವೆ, ಒಂದು ಕೂತಿದ್ದು ನೋಡಿ ಇನ್ನೊಂದಕ್ಕೂ ಕಾವು ಬರೋದುಂಟು. ಎಲ್ಲಾ ಬಂದ್ಮೇಲೆ ರಾತ್ರಿ ಕತ್ತಲಲ್ಲಿ ಪ್ಲಾಸ್ಟಿಕ್ ಮೊಟ್ಟೆ ತೆಗೆದು ನಿಜವಾದ್ದು ಇಡಿ. ಈ ಮಧ್ಯೆ ಒಳ್ಳೆ ಹೇಂಟೆಗಳ ಮೊಟ್ಟೆ ಕೂಡಿಡಿ, ರಾಗಿ ಡಬ್ಬದಲ್ಲೋ ಮರಳಲ್ಲೋ ಚೂಪು ಕಡೆ ಕೆಳಗೆ ಮಾಡಿ ತಂಪು ಜಾಗದಲ್ಲಿ, ಚಳಿಗಾಲದಲ್ಲಿ ವಾರದೊಳಗಿಂದು, ಬೇಸಿಗೆಲಿ ನಾಲ್ಕೈದು ದಿನದೊಳಗಿಂದು. ಮೊಟ್ಟೆ ಮೇಲೆ ತಾರೀಕು ಬರೀರಿ. ತೊಳೀಬೇಡಿ. ಚೂಪು ಮೊಟ್ಟೆ ಹುಂಜ, ಗುಂಡು ಮೊಟ್ಟೆ ಹೇಂಟೆ ಅಂತ ಆರಿಸ್ತಾರೆ ನೋಡಿ, ಅದು ಸುಳ್ಳು, ಹೇಂಟೆ ಬೇಕು ಅಂತ ಗುಂಡು ಮೊಟ್ಟೆ ಇಟ್ರೂ ಅರ್ಧಕ್ಕರ್ಧ ಹುಂಜನೇ ಬರೋದು. ಈ ಅರ್ಧ ಅನ್ನೋದನ್ನ ಮನಸ್ಸಲ್ಲಿ ಇಟ್ಕೊಂಡೇ ಎಷ್ಟು ಮೊಟ್ಟೆ ಅಂತ ತೀರ್ಮಾನ ಮಾಡಿ.

ಎಷ್ಟು ಇಡೋದು? ಹಿಂದಿನಿಂದ ಲೆಕ್ಕ ಹಾಕಿ. ಮುಂದಿನ ವರ್ಷಕ್ಕೆ ಹೊಸದಾಗಿ ಮೂರು ಹೇಂಟೆ ಬೇಕು ಅಂದ್ಕೊಳ್ಳಿ. ಮೂರು ಹೇಂಟೆ ಬೇಕಂದ್ರೆ ಬೆಳೆದ ಆರು ಏಳು ಮರಿ ಇರ್ಬೇಕು, ಆರೇಳು ಉಳೀಬೇಕಂದ್ರೆ ಹುಟ್ಟೋದು ಒಂಬತ್ತು ಹತ್ತು, ಅದಕ್ಕೆ ಮೊಟ್ಟೆ 12. ಅಂದ್ರೆ ಒಂದೇ ಒಂದು ಹೇಂಟೆ ಕೂರಿಸಿದ್ರೆ ಸಾಕು. ನಿಮ್ಮ ಮನೆ ಊಟಕ್ಕೆ, ಮಾರೋಕೆ ಎಷ್ಟು ಬೇಕೋ ಅದನ್ನ ಸೇರಿಸಿ, ಬೇಡದೆ ಇದ್ರೆ ಅಲ್ಲಿಗೇ ನಿಲ್ಲಿಸಿ. ಏಳೆಂಟನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ, ಒಳಗೆ ಕೆಂಪು ನರ ಹರಡಿದ್ರೆ ಮರಿ ಇದೆ, ಪೂರ್ತಿ ತಿಳಿಯಾಗಿ ಬೆಳಕು ಹಾದ್ರೆ ಗೊಡ್ಡು ಮೊಟ್ಟೆ, ತೆಗೆದು ತೆಂಗಿನ ಬುಡಕ್ಕೆ ಹೂತುಬಿಡಿ. ಎರಡು ಹೇಂಟೆ ಕೆಳಗೆ ಗೊಡ್ಡು ಜಾಸ್ತಿ ಬಂದಿದ್ರೆ ಒಳ್ಳೆ ಮೊಟ್ಟೆ ಎಲ್ಲಾ ಒಂದರ ಕೆಳಗೆ ಸೇರಿಸಿ, ಇನ್ನೊಂದರ ಕಾವು ಬಿಡಿಸ್ಬಹುದು.

ಇನ್ನು ಹುಂಜಗಳ ವಿಷಯ. ಹಿತ್ತಲಲ್ಲಿ ಸಂಖ್ಯೆ ಜಾಸ್ತಿ ಆಗಿದೆ ಅಂತ ಯಾರಾದ್ರೂ ಹೇಳಿದ್ರೆ ಎಣಿಸಿ ನೋಡಿ, ಮುಕ್ಕಾಲು ಸಲ ಜಾಸ್ತಿ ಆಗಿರೋದು ಹುಂಜನೇ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಆಪತ್ತಿಗೆ ಅಂತ ಇನ್ನೊಂದು ಎಳೇದು ಇಟ್ಕೊಳ್ಬಹುದು, ಅದಕ್ಕಿಂತ ಜಾಸ್ತಿ ಬೇಡ್ವೇ ಬೇಡ. ಆರು ಹೇಂಟೆಗೆ ಐದು ಹುಂಜ ಇರೋ ಮನೆ ನೋಡಿದ್ದೀನಿ, ಹೇಂಟೆಗಳ ಬೆನ್ನು ಕಿತ್ತು ರಕ್ತ ಬಂದಿರತ್ತೆ, ಮೇವು ತಿನ್ನೋಕೂ ಬಿಡದೆ ಅಟ್ಟಾಡಿಸ್ತವೆ, ಮೊಟ್ಟೆ ಕಮ್ಮಿ ಆಗತ್ತೆ, ನೋಡಿದ್ರೆ ಹೊಟ್ಟೆ ಉರಿಯತ್ತೆ.

ಎಂಟು ಹತ್ತು ವಾರಕ್ಕೆ ಹುಂಜಮರಿ ಗುರುತು ಸಿಗತ್ತೆ, ಜುಟ್ಟು ಬೇಗ ಕೆಂಪಾಗತ್ತೆ, ಕಾಲು ದಪ್ಪ, ಎದೆ ಎತ್ತಿ ನಿಲ್ಲತ್ತೆ. ಮೂರು ತಿಂಗಳಿಗೆ ಸೊಂಟದ ಹತ್ರ ಚೂಪಾದ ಹೊಳೆಯೋ ಪುಕ್ಕ ಬಂದ್ಮೇಲೆ ಡೌಟೇ ಇರಲ್ಲ. ಆವಾಗ್ಲೇ ಹುಂಜಗಳನ್ನ ಬೇರೆ ಮಾಡಿ, ಹೇಂಟೆ ಕಣ್ಣಿಗೆ ಕಾಣದ ಕಡೆ ಒಂದು ಮೆಶ್ ಆವರಣದಲ್ಲಿ ಎಲ್ಲಾ ಒಟ್ಟಿಗೆ ಬಿಡಿ. ಒಟ್ಟಿಗೆ ಬೆಳೆದ ಹುಂಜಗಳು ಹೇಂಟೆ ಇಲ್ದೆ ಇದ್ರೆ ಅಷ್ಟಾಗಿ ಕಾದಾಡಲ್ಲ. ಆದ್ರೆ ಒಂದನ್ನ ಆಚೆ ತೆಗೆದು ನಾಲ್ಕು ದಿನ ಬಿಟ್ಟು ಮತ್ತೆ ಸೇರಿಸಿದ್ರೆ ಹೊಡೆದಾಟ ಗ್ಯಾರಂಟಿ, ಹಂಗಾಗಿ ತೆಗೆದದ್ದು ತೆಗೆದಂಗೇ.

ಮಾರೋಕೆ ಟೈಮ್ ನೋಡ್ಬೇಕು. ನಾಟಿ ಹುಂಜ ಒಂದು ಕಾಲು, ಒಂದೂವರೆ ಕೆಜಿ ತೂಗೋಕೆ ಐದಾರು ತಿಂಗಳು ಬೇಕು, ಅದಾದ್ಮೇಲೆ ಮೇವು ತಿಂದಷ್ಟು ತೂಕ ಏರಲ್ಲ. ಹಳೇ ಮೈಸೂರು ಕಡೆ ಯುಗಾದಿ ಮಾರನೇ ದಿನದ ಹೊಸತೊಡಕಿಗೆ ನಾಟಿ ಕೋಳಿಗೆ ಇರೋ ಬೇಡಿಕೆ ಬೇರೆ ದಿನ ಇರಲ್ಲ, ಬೇಸಿಗೆಯ ಮಾರಿಹಬ್ಬ ಜಾತ್ರೆಗಳು, ಮಹಾಲಯ ಅಮಾವಾಸ್ಯೆ ಹತ್ರ ಹಿರಿಯರಿಗೆ ಎಡೆ ಇಡೋ ಪಕ್ಷದ ದಿನಗಳು ಕೂಡ ಹಂಗೇ. ಶ್ರಾವಣದಲ್ಲಿ, ಕಾರ್ತಿಕದಲ್ಲಿ ಕೇಳೋರಿರಲ್ಲ. ಆದ್ದರಿಂದ ಹೊಸತೊಡಕಿಗೆ ಹುಂಜ ಮಾರ್ಬೇಕು ಅಂದ್ರೆ ಆಗಸ್ಟ್ ಕೊನೆ ಸೆಪ್ಟೆಂಬರ್‌ನಲ್ಲಿ ಮೊಟ್ಟೆ ಕೂರಿಸಿ, ಪಕ್ಷಕ್ಕೆ ಮಾರ್ಬೇಕು ಅಂದ್ರೆ ಫೆಬ್ರವರಿಲಿ ಕೂರಿಸಿ. ಮೇಲೆ ಹೇಳಿದ ವರ್ಷಕ್ಕೆ ಎರಡು ಸಲ ಅನ್ನೋದು ಇದಕ್ಕೇ ಸರಿಹೋಗತ್ತೆ. ಏಪ್ರಿಲ್ ಮೇ ಬಿಸಿಲಲ್ಲಿ ಕೂರಿಸಿದ್ರೆ ಮೊಟ್ಟೆ ಹಾಳಾಗೋದು ಜಾಸ್ತಿ, ಜೂನ್ ಜುಲೈ ಜಡಿಮಳೆಲಿ ಮರಿ ಉಳಿಸೋದು ಕಷ್ಟ, ಹಂಗಾಗಿ ಆ ನಾಲ್ಕು ತಿಂಗಳು ಕಾವಿಗೆ ಬಂದಿದ್ದನ್ನೆಲ್ಲಾ ಬಿಡಿಸೋದೇ.

ಬೈಕಲ್ಲಿ ಬರೋ ವ್ಯಾಪಾರಿ ಕೈಯಲ್ಲಿ ಎತ್ತಿ ನೋಡಿ ಒಂದು ರೇಟ್ ಹೇಳ್ತಾನೆ, ನೀವು ಒಂದು ನೇತಾಕೋ ಸ್ಕೇಲ್ ತಂದಿಟ್ಕೊಳ್ಳಿ, ತೂಕ ಹಾಕಿ ಕೆಜಿ ಲೆಕ್ಕದಲ್ಲೇ ಕೊಡಿ. ಅದಕ್ಕಿಂತ ಒಳ್ಳೇದು ಊರಲ್ಲೇ ನಾಲ್ಕು ಮನೆ ಗೊತ್ತು ಮಾಡ್ಕೊಳ್ಳೋದು, ಹಬ್ಬಕ್ಕೆ ಒಂದು ತಿಂಗಳು ಮುಂಚೆನೇ ನಿಮ್ಗೆ ಎಷ್ಟು ಬೇಕಣ್ಣ, ಎಷ್ಟು ಬೇಕಕ್ಕ ಅಂತ ಕೇಳಿಟ್ರೆ ಹಬ್ಬದ ಹಿಂದಿನ ದಿನ ಎಲ್ಲಾ ಖಾಲಿ. ಕಾಲು ಕಟ್ಟಿ ತಲೆಕೆಳಗೆ ನೇತಾಕ್ಕೊಂಡು ಸಂತೆಗೆ ಒಯ್ಯೋದು ಬೇಡ, ತೂತು ಮಾಡಿದ ರಟ್ಟಿನ ಬಾಕ್ಸೋ ಬಿದಿರು ಮಂಕರಿನೋ ಸಾಕು. ಕೋಳಿ ಅಂಕಕ್ಕೆ ಜೋರಾದ ಹುಂಜ ಹುಡುಕ್ಕೊಂಡು ಬರೋರೂ ಇರ್ತಾರೆ, ಒಳ್ಳೆ ದುಡ್ಡೇ ಹೇಳ್ತಾರೆ. ಕೊಡಬೇಡಿ. ಪ್ರಾಣಿಗಳನ್ನ ಕಾದಾಟಕ್ಕೆ ಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ, ಅದು ಬಿಡಿ, ಮರಿಯಿಂದ ಸಾಕಿದ್ದನ್ನ ಕಾಲಿಗೆ ಕತ್ತಿ ಕಟ್ಟಿಸ್ಕೊಂಡು ಸಾಯೋಕೆ ಕಳಿಸೋದು ಸರಿಯಲ್ಲ.

ಮನೇಲಿ ಮಾಂಸ ತಿನ್ನಲ್ಲ, ಮಾರೋಕೂ ಮನಸ್ಸಿಲ್ಲ, ಮೊಟ್ಟೆಗೆ ಮಾತ್ರ ಸಾಕ್ತೀವಿ ಅನ್ನೋರು ಈಗ ಬೆಂಗಳೂರು, ಮೈಸೂರಿನ ಸುತ್ತಮುತ್ತ ತುಂಬಾ ಜನ ಇದ್ದಾರೆ. ಅವರಿಗೆ ನನ್ನ ಸಲಹೆ ಒಂದೇ, ಹುಂಜನೇ ಇಡಬೇಡಿ. ಹುಂಜ ಇಲ್ದಿದ್ರೂ ಹೇಂಟೆ ಮೊಟ್ಟೆ ಇಡತ್ತೆ, ಮರಿ ಆಗಲ್ಲ ಅಷ್ಟೇ, ಬೆಳಗಿನ ಜಾವ ಕೂಗೋ ಗಲಾಟೆನೂ ಇಲ್ಲ. ಇರೋ ಹುಂಜನ ಕಳಿಸಿದ್ರೆ ಅದಾದ್ಮೇಲೂ ಎರಡು ಮೂರು ವಾರ ಮೊಟ್ಟೆಲಿ ಮರಿ ಆಗೋ ಶಕ್ತಿ ಇರತ್ತೆ ಅನ್ನೋದು ನೆನಪಿರ್ಲಿ. ಇಂಥೋರು ನಾಟಿ ಬದಲು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಲ್ಲಿ ತಯಾರಾದ ಗಿರಿರಾಜ, ಸ್ವರ್ಣಧಾರಾ ಥರದ ತಳಿ ತಗೊಂಡ್ರೂ ಆಗತ್ತೆ. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ರೆ ಇವು ನೂರರ ಮೇಲೆ ಇಡ್ತವೆ, ಕಾವಿಗೆ ಕೂರೋದು ಅಪರೂಪ, ಹಂಗಾಗಿ ಸಂಖ್ಯೆ ತಾನಾಗೇ ಏರಲ್ಲ, ನೀವು ಮರಿ ತಂದಷ್ಟೇ ಇರೋದು. ಆದ್ರೆ ಅವುಗಳ ಮೊಟ್ಟೆನ ನಾಟಿ ಹೇಂಟೆ ಕೆಳಗಿಟ್ಟು ಮರಿ ಮಾಡಿಸಿದ್ರೆ ತಾಯಿ ಥರದ್ದೇ ಬರತ್ತೆ ಅಂತ ನಂಬಬೇಡಿ, ಅವು ಬೆರಕೆ ತಳಿ, ಮುಂದಿನ ಪೀಳಿಗೆ ಒಂದೊಂದು ಒಂದೊಂದು ಥರ ಇರತ್ತೆ. ಬೇಡದ ಹುಂಜನ ಕಾಡಂಚಲ್ಲೋ ಯಾರದ್ದೋ ತೋಟದಲ್ಲೋ ಬಿಟ್ಟು ಬರೋದನ್ನಂತೂ ಮಾಡಬೇಡಿ, ಸಾಕಿದ ಕೋಳಿ ಅಲ್ಲಿ ಎರಡು ರಾತ್ರಿ ಉಳಿಯೋದು ಕಷ್ಟ.

ವಯಸ್ಸಾದ ಹೇಂಟೆಗಳದ್ದು ಸ್ವಲ್ಪ ಮನಸ್ಸಿಗೆ ಕಷ್ಟದ ವಿಷಯ. ಮೊದಲೆರಡು ವರ್ಷ ಚೆನ್ನಾಗಿ ಮೊಟ್ಟೆ ಇಡತ್ತೆ, ಆಮೇಲೆ ವರ್ಷ ವರ್ಷ ಕಮ್ಮಿ ಆಗ್ತಾ ಹೋಗತ್ತೆ, ಆದ್ರೆ ಬದುಕೋದು ಐದಾರು ವರ್ಷ, ಇನ್ನೂ ಜಾಸ್ತಿನೂ ಬದುಕ್ತವೆ. ಯಾವುದು ಮೊಟ್ಟೆ ಇಡ್ತಿದೆ ಯಾವುದು ಬಿಟ್ಟಿದೆ ಅಂತ ಗೊತ್ತಾಗ್ದೆ ಸುಮ್ಮನೆ ದಪ್ಪ ಇರೋದನ್ನ ಹಿಡಿದು ಮಾರಿಬಿಡ್ತಾರೆ, ನೋಡಿದ್ರೆ ಅದೇ ಚೆನ್ನಾಗಿ ಮೊಟ್ಟೆ ಇಡ್ತಿದ್ದ ಹೇಂಟೆ ಆಗಿರತ್ತೆ. ಮುಟ್ಟಿ ನೋಡೋದು ಕಲೀರಿ. ಹೇಂಟೆನ ತೋಳಲ್ಲಿ ಹಿಡ್ಕೊಂಡು ಮೊಟ್ಟೆ ಬರೋ ದ್ವಾರದ ಎರಡೂ ಕಡೆ ಎರಡು ಚೂಪು ಮೂಳೆ ಸಿಗ್ತವೆ, ಅವುಗಳ ಮಧ್ಯೆ ಎರಡು ಮೂರು ಬೆರಳು ಹಿಡಿದ್ರೆ, ದ್ವಾರ ಅಗಲವಾಗಿ ಹಸಿಯಾಗಿದ್ರೆ ಮೊಟ್ಟೆ ಇಡ್ತಿದೆ, ಒಂದೇ ಬೆರಳು ಹಿಡಿದು ದ್ವಾರ ಒಣಗಿ ಸುಕ್ಕಾಗಿದ್ರೆ ಸದ್ಯ ಇಡ್ತಿಲ್ಲ. ಜುಟ್ಟು ಬಿಳಿಚಿಕೊಂಡಿರೋದೂ ಒಂದು ಗುರುತು. ಒಂದ್ಸಲ ನೋಡಿ ತೀರ್ಮಾನ ಮಾಡಬೇಡಿ, ಪುಕ್ಕ ಉದುರಿಸ್ತಿರೋ ಸಮಯದಲ್ಲಿ, ಕಾವಲ್ಲಿರುವಾಗ, ಮರಿ ಜೊತೆ ಇರುವಾಗ ಎಲ್ಲಾ ಹೇಂಟೆನೂ ಹಿಂಗೇ ಇರತ್ತೆ. ತಿಂಗಳು ಬಿಟ್ಟು ಮತ್ತೆ ನೋಡಿ, ಆವಾಗ್ಲೂ ಹಂಗೇ ಇದ್ರೆ ಸಾರಿಗೋ ಸಂತೆಗೋ. ಮುದಿ ಹೇಂಟೆ ಬೇಯೋಕೆ ಹೊತ್ತು ಹಿಡಿಯತ್ತೆ, ಆದ್ರೆ ಅದರ ಸಾರಿನ ರುಚಿ ಎಳೇದಕ್ಕೆ ಬರಲ್ಲ, ಮುದ್ದೆ ಜೊತೆ ಉಂಡೋರಿಗೆ ಗೊತ್ತು. ಮರಿನ ಗಿಡುಗನ ಬಾಯಿಂದ ಉಳಿಸೋ, ಜಡಿಮಳೆಲೂ ರೆಕ್ಕೆ ಕೆಳಗೆ ಎಲ್ಲವನ್ನೂ ಅವುಚಿಕೊಂಡು ಕೂರೋ ಒಂದು ಹೇಂಟೆ ಇದ್ರೆ ಅದು ಮೊಟ್ಟೆ ಕಮ್ಮಿ ಇಟ್ರೂ ಇಟ್ಕೊಳ್ಳಿ, ಪ್ರತಿ ಸಲದ ಮೊಟ್ಟೆ ಅದರ ಕೆಳಗೇ ಕೂರಿಸಿ.

ಇದೆಲ್ಲಾ ನೆನಪಲ್ಲಿ ಇಡೋಕಾಗಲ್ಲ. ಕಾಲಿಗೆ ಬಣ್ಣದ ರಿಂಗ್ ಹಾಕಿ, ಈ ವರ್ಷದ್ದಕ್ಕೆಲ್ಲಾ ಕೆಂಪು, ಮುಂದಿನ ವರ್ಷದ್ದಕ್ಕೆ ಹಸಿರು, ಗೂಡಿನ ಹತ್ರ ಒಂದು ನೋಟ್‌ಬುಕ್ ನೇತಾಕಿ, ಯಾವತ್ತು ಕೂರಿಸಿದ್ದು, ಎಷ್ಟು ಮೊಟ್ಟೆ, ಎಷ್ಟು ಮರಿ, ಲಸಿಕೆ ದಿನ, ಮಾರಿದ್ದು, ಸತ್ತಿದ್ದು, ಅಷ್ಟೇ ಬರೀರಿ. ತಿಂಗಳ ಮೊದಲ್ನೇ ದಿನ ರಾತ್ರಿ ಕೋಳಿ ಗಳದ ಮೇಲಿರುವಾಗ ಟಾರ್ಚ್ ಹಾಕಿ ಎಣಿಸಿ, ಹಗಲಲ್ಲಿ ಎಣಿಸೋಕೆ ಹೋದ್ರೆ ಒಂದನ್ನೇ ಎರಡು ಸಲ ಎಣಿಸ್ತೀರಿ.

ಕೊನೇದಾಗಿ ಹೊರಗಿಂದ ತರೋದು. ಸಂತೇಲಿ ಚೆಂದ ಕಂಡ್ತು ಅಂತ ಒಂದು, ನೆಂಟರು ಕೊಟ್ರು ಅಂತ ಎರಡು, ಹಿಂಗೇ ಅರ್ಧ ಕೋಳಿ ಬಂದು ಸೇರೋದು, ಅದರ ಜೊತೆ ರೋಗನೂ. 2020ರ ಮಾರ್ಚಲ್ಲಿ ಮೈಸೂರಲ್ಲಿ ಹಕ್ಕಿಜ್ವರ ಬಂದಾಗ ಸುತ್ತ 1 ಕಿಲೋಮೀಟರ್ ಒಳಗಿನ ಮನೆ ಕೋಳಿಗಳನ್ನೂ ಬಿಡದೆ ಕೊಂದು ವಿಲೇವಾರಿ ಮಾಡಿದ್ರು, 2025ರಲ್ಲಿ ಚಿಕ್ಕಬಳ್ಳಾಪುರ ಕಡೆನೂ ಬಂತು. ತರಲೇಬೇಕಾದ್ದು ಅಂದ್ರೆ ಹುಂಜ ಒಂದೇ. ನಿಮ್ಮದೇ ಹುಂಜ, ಅದರದ್ದೇ ಮಕ್ಕಳು, ಮೊಮ್ಮಕ್ಕಳು ಅಂತ ಹೋದ್ರೆ ಎರಡು ಮೂರು ಪೀಳಿಗೆಲಿ ಗೊಡ್ಡು ಮೊಟ್ಟೆ, ಬಡಕಲು ಮರಿ ಜಾಸ್ತಿ ಆಗ್ತವೆ, ಅದಕ್ಕೆ ಎರಡು ವರ್ಷಕ್ಕೊಂದ್ಸಲ ಬೇರೆ ಊರಿನ ಹುಂಜ ತನ್ನಿ, ಸಂತೆಯಿಂದ ಬೇಡ, ಲಸಿಕೆ ಹಾಕಿಸೋ ಪರಿಚಯದವರ ಮನೆಯಿಂದ. ಅದನ್ನ ಕೊಡೋರಿಗೆ ನಿಮ್ಮ ಹುಂಜನೇ ಬದಲಿಗೆ ಕೊಟ್ರೆ ಇಬ್ಬರ ಸಂಖ್ಯೆನೂ ಅಷ್ಟೇ ಇರತ್ತೆ. ತಂದದ್ದನ್ನ ಮೂರು ವಾರ ಬೇರೆ ಕಡೆ, ಬೇರೆ ನೀರಿನ ಪಾತ್ರೆ ಇಟ್ಟು ಸಾಕಿ, ರೆಕ್ಕೆ ಕೆಳಗೆ ಹೇನು, ಉಣ್ಣೆ ಇದ್ಯಾ ನೋಡಿ, ಜಂತಿನ ಔಷಧಿ ಕೊಟ್ಟು, ಮೊದಲು ನಿಮ್ಮ ಕೋಳಿಗಳ ಕೆಲಸ ಮುಗಿಸ್ಕೊಂಡು ಆಮೇಲೆ ಅದರ ಹತ್ರ ಹೋಗಿ, ಮೂರು ವಾರ ಚೆನ್ನಾಗಿದ್ರೆ ರಾತ್ರಿ ಹೊತ್ತಲ್ಲಿ ಗೂಡಿನ ಗಳದ ಮೇಲೆ ಕೂರಿಸಿಬಿಡಿ.